ಹತ್ತನೆಯ ಇಯತ್ತೆ ಮುಗಿಸಿದವನ ಪಾಸ್‌ಪೋರ್ಟು

ಕಳೆದ ದೀಪಾವಳಿ ಮುಗಿದ ವಾರ ಉಮರ್ಗಾ ನ್ಯಾಯಾಲಯದ ಆವರಣದಲ್ಲಿ ಹಿರಿಯರೊಬ್ಬರು ನನಗಾಗಿ ಕಾದು ಕುಳಿತಿದ್ದರು. ಗಡಿಯಂಚಿನ ಹಳ್ಳಿಯೊಂದರ ರೈತರು. ಅವರ ಮಗನೂ ನನ್ನಂತೆಯೇ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಕಲಿತವನು. ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಕಾಗದಗಳನ್ನು ತೆಗೆದು ಮೇಜಿನ ಮೇಲಿಟ್ಟು, "ವಕೀಲ ಸಾಹೇಬ್ರ, ಪೋರಗ ದುಬೈದಾಗ ಕೆಲಸ ಸಿಕ್ಕದ. ಎರಡು ವರ್ಸ ದುಡದು ಬರ್ತೀನಿ ಅಂತಾನ. ಕಾಗದ ಬರೋಬರಿ ಅವಾ ಇಲ್ಲೋ, ಒಮ್ಮೆ ನೋಡ್ರಿ" ಎಂದರು.

ಕಾಗದ ಮುಟ್ಟುವ ಮೊದಲೇ ನಾನು ಕೇಳಿದ್ದು ಒಂದೇ ಮಾತು: "ಕಾಕಾ, ರೊಕ್ಕ ಕೊಟ್ಟೀರೇನು?"

"ಅರ್ಧಾ ಕೊಟ್ಟೀನ್ರಿ, ಎಪ್ಪತ್ತು ಸಾವಿರ. ಉಳಿದದ್ದು ಟಿಕೇಟ್ ಬಂದ ಮ್ಯಾಲ."

ರಸೀದಿ ಇರಲಿಲ್ಲ. ಎಪ್ಪತ್ತು ಸಾವಿರಕ್ಕಾಗಿ ಅವರ ಹೆಂಡತಿಯ ಎರಡು ಬಳೆಗಳು ಸಾಹುಕಾರನ ಪೆಟ್ಟಿಗೆ ಸೇರಿದ್ದವು.

ಊರು ಬಿಟ್ಟು ದುಡಿಯಲು ಹೋಗುವುದು ನಮ್ಮ ಭಾಗದವರಿಗೆ ಹೊಸತೇನಲ್ಲ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ನಮ್ಮ ಅಜ್ಜಂದಿರು ಕೆಲಸ ಹುಡುಕಿ ಹೈದರಾಬಾದಿಗೂ ಸೊಲ್ಲಾಪುರದ ಗಿರಣಿಗಳಿಗೂ ಹೋದರು. ಅಪ್ಪಂದಿರು ಮುಂಬಯಿ, ಪುಣೆ ಕಂಡರು. ಈಗ ಮಕ್ಕಳು ದುಬೈ, ಕತಾರ್, ಆಸ್ಟ್ರೇಲಿಯಾ ಎನ್ನುತ್ತಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಬೆಂಚಿನ ಗೆಳೆಯನೊಬ್ಬ ಸೌದಿ ಅರೇಬಿಯದಲ್ಲಿ ಹನ್ನೊಂದು ವರ್ಷ ವೆಲ್ಡರನಾಗಿ ದುಡಿದು, ಮರಳಿ ಬಂದು, ಬಾವಿ ತೋಡಿಸಿ, ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾನೆ. ಆದರೆ ಅಜ್ಜ ಹೈದರಾಬಾದಿಗೆ ಹೊರಟಾಗ ಬೇಕಾದದ್ದು ಒಂದು ಬುತ್ತಿಗಂಟು ಮಾತ್ರ. ಮೊಮ್ಮಗ ದುಬೈಗೆ ಹೊರಟಾಗ ನಾಲ್ಕು ಕಾಗದಗಳು ಬೇಕು, ಆ ನಾಲ್ಕನ್ನೂ ಓದಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಕಾಕಾ ತಂದ ಮೊದಲ ಕಾಗದ ಕೆಲಸದ ಪತ್ರ. ಬಣ್ಣದ ಲಾಂಛನ, ತಿಂಗಳಿಗೆ 1,800 ದಿರ್ಹಮ್ ಸಂಬಳ, ಅಂದರೆ ಇಂದಿನ ದರದಲ್ಲಿ ನಲವತ್ತು ಸಾವಿರ ರೂಪಾಯಿಗೆ ತುಸು ಹೆಚ್ಚು. ಕೆಳಗೆ ಅಂಕಿತವಿತ್ತು, ಮುದ್ರೆಯೂ ಇತ್ತು. ಇರದೇ ಇದ್ದದ್ದು ಯುಎಇಯ ಮಾನವ ಸಂಪನ್ಮೂಲ ಮಂತ್ರಾಲಯದ ನೋಂದಣಿ. ಆ ದೇಶದ ನಿಯಮದಂತೆ ಮಾಲೀಕನು ಕೆಲಸಗಾರನಿಗೆ ಮೊದಲು ಮಂತ್ರಾಲಯದ ನಮೂನೆಯಲ್ಲಿಯೇ ಕೆಲಸದ ಪತ್ರ ಕಳುಹಿಸಬೇಕು, ಕೆಲಸಗಾರ ಅದನ್ನು ತನ್ನ ಊರಿನಲ್ಲಿಯೇ ಓದಿ ಸಹಿ ಮಾಡಬೇಕು, ಅಲ್ಲಿಗೆ ಹೋದ ಮೇಲೆ ಮಾಡುವ ಕರಾರು ಈ ಪತ್ರಕ್ಕಿಂತ ಕಡಿಮೆಯದಾಗಿರಬಾರದು. ಈ ಪತ್ರ ಅರಬಿ, ಇಂಗ್ಲಿಷ್‌ಗಳ ಜೊತೆಗೆ ಕೆಲಸಗಾರನಿಗೆ ತಿಳಿಯುವ ಮೂರನೆಯ ಭಾಷೆಯೊಂದರಲ್ಲಿಯೂ ಸಿಗುತ್ತದೆ. ಹಿಂದಿ, ಉರ್ದು, ಮಲಯಾಳ, ತಮಿಳು, ಬಂಗಾಳಿಗಳು ಆ ಪಟ್ಟಿಯಲ್ಲಿವೆ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ನಮ್ಮ ಮಕ್ಕಳು ದೇವನಾಗರಿಯನ್ನು ಸರಾಗವಾಗಿ ಓದಬಲ್ಲರಾದ್ದರಿಂದ ಹಿಂದಿಯ ಪ್ರತಿಯನ್ನು ಕೇಳಿ ಪಡೆಯಬೇಕು. ಮನೆಗೆ ತಂದು, ತಾಯಿ ತಂದೆಗೆ ಕನ್ನಡದಲ್ಲಿ ಓದಿ ಹೇಳಬೇಕು. ಮೂಲ ವೇತನ ಎಷ್ಟು, ಭತ್ಯೆ ಎಷ್ಟು ಎಂಬ ಒಂದು ಸಾಲನ್ನಂತೂ ಎರಡು ಬಾರಿ ಓದಬೇಕು. ಯಾಕೆಂದರೆ ಕೆಲಸ ಬಿಡುವಾಗ ಸಿಗುವ ಉಪದಾನವನ್ನು, ಅಂದರೆ ಗ್ರ್ಯಾಚುಟಿಯನ್ನು, ಮೂಲ ವೇತನದ ಮೇಲೆಯೇ ಲೆಕ್ಕ ಹಾಕುತ್ತಾರೆ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ. 1,800ರಲ್ಲಿ ಮೂಲ ವೇತನ 700 ಎಂದು ಬರೆದಿದ್ದರೆ ಆ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆಂಬುದನ್ನು ಏಳನೆಯ ಇಯತ್ತೆಯ ಹುಡುಗನೂ ಮಾಡಿ ತೋರಿಸಬಲ್ಲ.

ಅದೇ ದೇಶದ 2021ರ ಕಾರ್ಮಿಕ ಕಾನೂನು (33ನೆಯ ಸಂಖ್ಯೆಯದು, 2022ರ ಫೆಬ್ರವರಿಯಿಂದ ಜಾರಿಯಲ್ಲಿದೆ) ಇನ್ನೆರಡು ಮಾತುಗಳನ್ನು ಹೇಳುತ್ತದೆ. ಕೆಲಸಕ್ಕೆ ತೆಗೆದುಕೊಳ್ಳುವ ಖರ್ಚನ್ನು ಮಾಲೀಕನೇ ಭರಿಸಬೇಕು, ಕೆಲಸಗಾರನಿಂದ ವಸೂಲು ಮಾಡಕೂಡದು. ಕೆಲಸಗಾರನ ಪಾಸ್‌ಪೋರ್ಟನ್ನು ಮಾಲೀಕ ತನ್ನಲ್ಲಿ ಹಿಡಿದಿಟ್ಟುಕೊಳ್ಳಕೂಡದು. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ಕಲಮೂ ಇದಕ್ಕೆ ಒತ್ತಾಸೆಯಾಗಿದೆ: ಪಾಸ್‌ಪೋರ್ಟು ಸದಾ ಭಾರತ ಸರ್ಕಾರದ ಸ್ವತ್ತು. ಅದರ ಒಡೆತನ ನಮಗೇ ಇಲ್ಲದಿರುವಾಗ ಒತ್ತೆ ಇಡಲು ನಾವು ಯಾರು, ಇಟ್ಟುಕೊಳ್ಳಲು ಅವರು ಯಾರು? ಆದರೂ ಎಷ್ಟೋ ಕಡೆ ಇಟ್ಟುಕೊಳ್ಳುತ್ತಾರೆ. ಅದಕ್ಕಾಗಿಯೇ ಪಾಸ್‌ಪೋರ್ಟು, ವೀಸಾ, ಕರಾರುಗಳ ಪ್ರತಿಯೊಂದು ಪುಟದ ಛಾಯಾಚಿತ್ರ ಹೊರಡುವ ಮೊದಲೇ ಮನೆಯವರ ಮೊಬೈಲಿನಲ್ಲಿರಬೇಕು.

ಎರಡನೆಯ ಕಾಗದ ವೀಸಾ. ಕಾಕಾನ ಮಗ ಅದನ್ನು ಕೆಲಸದ ವೀಸಾ ಎಂದೇ ನಂಬಿದ್ದ. ಅದು 60 ದಿನಗಳ ಸಂದರ್ಶಕ ವೀಸಾ ಆಗಿತ್ತು. "ಅಲ್ಲಿಗೆ ಹೋದ ಮೇಲೆ ಬದಲಿಸಿಕೊಡುತ್ತೇವೆ" ಎಂದು ದಲ್ಲಾಳಿ ಹೇಳಿದ್ದನಂತೆ. ಕೆಲವರಿಗೆ ಬದಲಾದದ್ದೂ ಉಂಟು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂದರ್ಶಕ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಸಂಬಳ ಕೊಡದಿದ್ದರೆ ದೂರು ಕೊಡಲು ಕರಾರಿರುವುದಿಲ್ಲ. ಅವಧಿ ಮುಗಿದ ಮೇಲೆ ದಿನಕ್ಕೆ 50 ದಿರ್ಹಮ್ ದಂಡ ಏರುತ್ತಲೇ ಹೋಗುತ್ತದೆ. ಮೂರು ತಿಂಗಳು ಹಾಗೆ ಕಳೆದರೆ 4,500 ದಿರ್ಹಮ್, ಸರಿಸುಮಾರು ಒಂದು ಲಕ್ಷ ರೂಪಾಯಿ. ಮರಳಿ ಬರಲು ಟಿಕೇಟಿನ ಹಣವಿದ್ದರೂ ದಂಡದ ಹಣವಿಲ್ಲದೆ ಸಿಕ್ಕಿಬಿದ್ದವರು ಇದ್ದಾರೆ.

ಮೂರನೆಯದು ಮಗನ ಪಾಸ್‌ಪೋರ್ಟಿನ ಪ್ರತಿ. ಈ ಲೇಖನ ಬರೆಯಲು ಕಾರಣವೇ ಅದು, ಆದ್ದರಿಂದ ಇಲ್ಲಿ ತುಸು ನಿಧಾನಿಸುತ್ತೇನೆ.

1983ರ ವಲಸೆ ಕಾಯ್ದೆಯಂತೆ ನಿರ್ದಿಷ್ಟ 18 ದೇಶಗಳಿಗೆ ಕೆಲಸಕ್ಕಾಗಿ ಹೋಗುವ ಕಡಿಮೆ ಓದಿನ ಭಾರತೀಯನು ಹೊರಡುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಕೊಲ್ಲಿಯ ಆರು ದೇಶಗಳು, ಇರಾಕ್, ಜೋರ್ಡಾನ್, ಲೆಬನಾನ್, ಮಲೇಶಿಯಾ, ಥಾಯ್ಲೆಂಡ್ ಮೊದಲಾದವು ಆ ಪಟ್ಟಿಯಲ್ಲಿವೆ. ಇಂಥವನ ಪಾಸ್‌ಪೋರ್ಟಿನಲ್ಲಿ 'ಇ.ಸಿ.ಆರ್.' ಎಂಬ ಗುರುತು ಇರುತ್ತದೆ. ಮುಂಬಯಿ, ಹೈದರಾಬಾದ್ ಮುಂತಾದ ಊರುಗಳಲ್ಲಿರುವ ವಲಸಿಗರ ಸಂರಕ್ಷಕ ಅಧಿಕಾರಿಯು ಅವನ ಕರಾರು, ಸಂಬಳ, ವಿಮೆ, ಮಾಲೀಕನ ವಿವರಗಳನ್ನು 'ಇ-ಮೈಗ್ರೇಟ್' ಎಂಬ ಸರ್ಕಾರಿ ಜಾಲತಾಣದಲ್ಲಿ ಪರಿಶೀಲಿಸಿ ಅನುಮತಿ ಕೊಡುತ್ತಾನೆ. ಅನುಮತಿ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ. ಪ್ರವಾಸಿ ಭಾರತೀಯ ಬೀಮಾ ಯೋಜನೆ ಇವನಿಗೆ ಕಡ್ಡಾಯ: ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಮರಣ ಹೊಂದಿದರೆ ಅಥವಾ ಶಾಶ್ವತ ಅಂಗವಿಕಲನಾದರೆ 10 ಲಕ್ಷ ರೂಪಾಯಿ.

ಇನ್ನು ಹತ್ತನೆಯ ಇಯತ್ತೆ ಪಾಸಾದವನು? ಅವನಿಗೆ ಈ ಅನುಮತಿ ಬೇಕಾಗಿಲ್ಲ. ಓದಿದವನು ತನ್ನ ಹಿತ ತಾನೇ ನೋಡಿಕೊಳ್ಳಬಲ್ಲನೆಂಬುದು ಕಾನೂನಿನ ಊಹೆ. ಕಾಕಾನ ಮಗ ಲಾತೂರ ವಿಭಾಗೀಯ ಮಂಡಳಿಯ ಹತ್ತನೆಯ ಪರೀಕ್ಷೆಯಲ್ಲಿ ಶೇಕಡಾ 61 ಅಂಕ ಪಡೆದವನು. ಆ ಗುಣಪತ್ರಿಕೆಯನ್ನು ಲಗತ್ತಿಸಿದ್ದರಿಂದ ಅವನ ಪಾಸ್‌ಪೋರ್ಟಿನಲ್ಲಿ ಯಾವ ಗುರುತೂ ಇರಲಿಲ್ಲ. ಮನೆಯವರಿಗೆ ಅದೊಂದು ಹೆಮ್ಮೆಯ ವಿಷಯ. ದಲ್ಲಾಳಿಗಂತೂ ಹೆಚ್ಚಿನ ಅನುಕೂಲ. ಏಕೆಂದರೆ ಈ ಹುಡುಗನ ಕರಾರನ್ನು ದೇಶ ಬಿಡುವವರೆಗೆ ಯಾವ ಅಧಿಕಾರಿಯೂ ನೋಡುವುದಿಲ್ಲ, ವಿಮೆ ಇದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಕಲಿಯದ ಅಣ್ಣನಿಗೆ ಇರುವ ಕಾವಲು ಕಲಿತ ತಮ್ಮನಿಗಿಲ್ಲ. ನಮ್ಮ ಕನ್ನಡ ಶಾಲೆಗಳಿಂದ ಹೊರಬಂದು ಐಟಿಐ ಮಾಡಿ ಪರದೇಶಕ್ಕೆ ಹೊರಡುವ ಹುಡುಗರೆಲ್ಲರೂ ಹೀಗೆ ಕಾವಲಿಲ್ಲದ ಬಾಗಿಲಿನಿಂದಲೇ ಹೋಗುತ್ತಾರೆ. ಆ ಅಧಿಕಾರಿ ಮಾಡುತ್ತಿದ್ದ ಪರಿಶೀಲನೆಯನ್ನು ಇಲ್ಲಿ ಮನೆಯವರೇ ಮಾಡಬೇಕಾಗುತ್ತದೆ. ಇ-ಮೈಗ್ರೇಟ್ ತಾಣದಲ್ಲಿ ಇಂಥವರು ಸ್ವ-ಇಚ್ಛೆಯಿಂದ ತಮ್ಮ ವಿವರ ನೋಂದಾಯಿಸಬಹುದು. ಹತ್ತು ನಿಮಿಷದ ಕೆಲಸ, ಹಣ ಬೇಡ. ನಾಳೆ ಅಲ್ಲಿ ಯುದ್ಧವೋ ಅಪಘಾತವೋ ಆದಾಗ ರಾಯಭಾರ ಕಚೇರಿಗೆ ಇವನ ಹೆಸರು ಗೊತ್ತಿರುತ್ತದೆ. ಬೇರೆ ಅವಧಿ ವಿಮೆಯೊಂದನ್ನೂ ಹೊರಡುವ ಮೊದಲೇ ಮಾಡಿಸುವುದು ಲೇಸು.

ಇದಕ್ಕೊಂದು ಅಪವಾದವಿದೆ. ಆ 18 ದೇಶಗಳಿಗೆ ದಾದಿಯರಾಗಿ ಹೋಗುವವರು ಎಷ್ಟೇ ಓದಿದ್ದರೂ 2015ರಿಂದ ಅನುಮತಿ ಪಡೆಯಲೇಬೇಕು, ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳ ಮೂಲಕವೇ ಹೋಗಬೇಕು. ಉದಗೀರ, ಲಾತೂರಗಳಲ್ಲಿ ನರ್ಸಿಂಗ್ ಓದುತ್ತಿರುವ ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ನೆನಪಿಡಬೇಕು. "ನಿಮಗೆ ಅದೆಲ್ಲ ಬೇಡ" ಎನ್ನುವ ದಲ್ಲಾಳಿ ಅಲ್ಲಿಗೇ ಸಿಕ್ಕಿಬಿದ್ದ.

ನಾಲ್ಕನೆಯ ಕಾಗದ ದಲ್ಲಾಳಿಯ ಚೀಟಿ. ಹೆಸರು, ಮೊಬೈಲ್ ಸಂಖ್ಯೆ, ವಿಮಾನದ ಚಿತ್ರ. ನೋಂದಣಿ ಸಂಖ್ಯೆ ಇಲ್ಲ. ವಲಸೆ ಕಾಯ್ದೆಯ 10ನೆಯ ಕಲಮಿನಂತೆ ನೋಂದಣಿ ಪತ್ರವಿಲ್ಲದೆ ಯಾರೂ ಪರದೇಶದ ಕೆಲಸಕ್ಕೆ ಜನರನ್ನು ಭರ್ತಿ ಮಾಡಕೂಡದು. ನೋಂದಾಯಿತ ಏಜೆಂಟನ ಕೈಕೆಳಗಿನ 'ಸಬ್ ಏಜೆಂಟ್' ಎಂಬ ಹುದ್ದೆಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಆದರೆ ನಮ್ಮ ಹಳ್ಳಿಗಳಿಗೆ ಬರುವವರು ಅವರೇ: ಯಾರದೋ ಬೀಗರು, ಯಾರದೋ ಕ್ಲಾಸ್‌ಮೇಟು, ಒಮ್ಮೆ ಮಸ್ಕತ್ತಿಗೆ ಹೋಗಿ ಬಂದವರು. ಪರಿಚಯವೇ ಅವರ ಬಂಡವಾಳ. ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿಯಿದೆ. ನೋಂದಣಿ ಇಲ್ಲದೆ ದಂಧೆ ಮಾಡುವವರೆಂದು ದೂರು ಬಂದವರ ಪಟ್ಟಿಯೂ ಇದೆ. ಅಲ್ಲಿ ಹೆಸರು ಸಿಕ್ಕಿತೆಂದು ಕೂಡಲೇ ನಂಬಬಾರದು, ನಿಜವಾದ ಏಜೆಂಟನ ಹೆಸರನ್ನು ಕದ್ದು ಬಳಸುವವರೂ ಇದ್ದಾರೆ. ಚೀಟಿಯಲ್ಲಿರುವ ಸಂಖ್ಯೆಯನ್ನು ಬಿಟ್ಟು, ತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ, "ಇಂಥವನು ನಿಮ್ಮವನೇ?" ಎಂದು ಕೇಳಬೇಕು. ನೋಂದಾಯಿತ ಏಜೆಂಟನು ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಕಾಕಾನಿಗೆ ಹೇಳಿದ್ದು 1,40,000. ಸಂಶಯವಿದ್ದರೆ ವಿದೇಶಾಂಗ ಮಂತ್ರಾಲಯದ ಉಚಿತ ಸಹಾಯವಾಣಿ 1800-11-3090ಕ್ಕೆ ಕರೆ ಮಾಡಬಹುದು.

ಕಾಗದ ಸರಿಯಿದ್ದರೆ ಎಲ್ಲವೂ ಸರಿಯೇ ಎಂದು ಕೇಳಿದರೆ, ಇಲ್ಲ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಾಫ್ ಎಂಬಲ್ಲಿ ಕೆಲಸಗಾರರು ತಂಗಿದ್ದ ಬಹುಮಹಡಿ ಕಟ್ಟಡಕ್ಕೆ ಬೆಂಕಿ ಬಿದ್ದು ಸುಮಾರು 45 ಭಾರತೀಯರು ತೀರಿಹೋದರು. ಹೆಚ್ಚಿನವರು ಕೇರಳದವರು, ಒಬ್ಬರು ನಮ್ಮ ನೆರೆಯ ಆಳಂದ ತಾಲೂಕಿನವರು. ಕೆಲಸ ಇತ್ತು, ಸಂಬಳ ಇತ್ತು, ಮಲಗಿದ ಜಾಗದಿಂದ ಹೊರಬರುವ ದಾರಿ ಸಿಗಲಿಲ್ಲ. ಮಗ ಅಲ್ಲಿಗೆ ತಲುಪಿದ ದಿನ ತಾಯಂದಿರು "ಊಟ ಆಯ್ತೇನಪ್ಪಾ" ಎಂದು ಕೇಳುತ್ತಾರೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನೂ ಕೇಳಬೇಕು: ಒಂದು ಖೋಲಿಯಲ್ಲಿ ಎಷ್ಟು ಮಂದಿ ಮಲಗುತ್ತೀರಿ? ಎರಡನೆಯ ಬಾಗಿಲು ಎಲ್ಲಿದೆ, ಅದಕ್ಕೆ ರಾತ್ರಿ ಕೀಲಿ ಹಾಕುತ್ತಾರೋ? ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲಿನಲ್ಲಿ ದುಡಿಸುತ್ತಾರೋ ಎಂಬುದನ್ನೂ ಕೇಳಬಹುದು. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನ ಕೆಲಸ ನಿಷಿದ್ಧ.

ಕೊಲ್ಲಿ ದೇಶಗಳ ಅಪಾಯಗಳನ್ನು ನಮ್ಮ ಜನ ಅಷ್ಟಿಷ್ಟು ಬಲ್ಲರು. ಈಚಿನ ಎರಡು ಅಪಾಯಗಳು ಬೇರೆ ಬಗೆಯವು. ಕಲಬುರಗಿ ಜಿಲ್ಲೆಯ ಕೆಲ ಯುವಕರು ರಷ್ಯಾದಲ್ಲಿ ಭದ್ರತಾ ಕಾವಲುಗಾರರ ಕೆಲಸವೆಂದು ನಂಬಿ ಹೋದರು. ಅವರನ್ನು ಸೈನ್ಯದೊಳಗೆ ಸೇರಿಸಿ ಯುಕ್ರೇನಿನ ಯುದ್ಧಭೂಮಿಗೆ ಅಟ್ಟಲಾಯಿತು. ಸಿಬಿಐ 2024ರ ಮಾರ್ಚಿನಲ್ಲಿ ದಲ್ಲಾಳಿಗಳ ಮೇಲೆ ಪ್ರಕರಣ ದಾಖಲಿಸಿತು, ಆ ಹುಡುಗರು ಅದೇ ವರ್ಷ ಸೆಪ್ಟೆಂಬರಿನಲ್ಲಿ ಮರಳಿದರು. ಅವರಂತೆ ಹೋದ ಬೇರೆ ಊರುಗಳ ಕೆಲವರು ಮರಳಲೇ ಇಲ್ಲ. ಅವರನ್ನು ಸೆಳೆದದ್ದು ಮೊಬೈಲಿನಲ್ಲಿ ಕಂಡ ಒಂದು ವೀಡಿಯೊ. ಭಾಷೆ ತಿಳಿಯದ ಕರಾರಿಗೆ ಸಹಿ ಹಾಕಿದ ಗಳಿಗೆಯೇ ಅವರ ಬದುಕು ಕೈತಪ್ಪಿತ್ತು.

ಎರಡನೆಯದು ಥಾಯ್ಲೆಂಡಿನ 'ಕಂಪ್ಯೂಟರ್ ಕೆಲಸ'. ಡೇಟಾ ಎಂಟ್ರಿ, ಗ್ರಾಹಕ ಸೇವೆ ಎಂದು ಜಾಹೀರಾತು. ಬ್ಯಾಂಕಾಕಿನಲ್ಲಿ ಇಳಿದವರನ್ನು ಗಡಿಯ ನದಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಕಡೆಯ ಬೇಲಿ ಹಾಕಿದ ಆವರಣಗಳಿಗೆ ಒಯ್ದು, ಅಂತರ್ಜಾಲದಲ್ಲಿ ಜನರನ್ನು ವಂಚಿಸುವ ಕೆಲಸ ಮಾಡಿಸುತ್ತಾರೆ. ಒಪ್ಪದಿದ್ದರೆ ಹೊಡೆತ. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಎರಡು ದಿನಗಳಲ್ಲಿ 549 ಭಾರತೀಯರನ್ನು ಅಲ್ಲಿಂದ ಕರೆತಂದವು. ಇವರಲ್ಲಿ ಹೆಚ್ಚಿನವರು ನಮ್ಮ ಮಕ್ಕಳಂತೆ ಓದಿದವರೇ ಎಂಬುದನ್ನು ಗಮನಿಸಬೇಕು. ಓದದವನಿಗೆ ಕಂಪ್ಯೂಟರ್ ಮುಂದೆ ಕೂರುವ ಕೆಲಸ ಕೊಡುವುದಿಲ್ಲ. ಮತ್ತೆ ಅದೇ ಕಾವಲಿಲ್ಲದ ಬಾಗಿಲು.

ಇಂಥ ಕಡೆ ಸಿಕ್ಕಿದವನ ಫೋನ್ ಕರೆಯನ್ನು ಪಕ್ಕದಲ್ಲಿ ನಿಂತು ಆಲಿಸುವವರಿರುತ್ತಾರೆ. ಅದಕ್ಕಾಗಿ ಹೊರಡುವ ಹಿಂದಿನ ರಾತ್ರಿ ಮನೆಯವರು ತಮ್ಮತಮ್ಮಲ್ಲಿ ಒಂದು ಗುಟ್ಟಿನ ಮಾತು ಗೊತ್ತುಮಾಡಿಕೊಳ್ಳಲಿ ಎಂದು ನಾನು ಹೇಳುತ್ತಿರುತ್ತೇನೆ. ಒಂದು ಮನೆಯವರು "ಕರಿ ಎಮ್ಮಿ ಈದದೇನು?" ಎಂಬುದನ್ನು ಆರಿಸಿಕೊಂಡರು. ಅವರ ಮನೆಯಲ್ಲಿ ಎಮ್ಮೆಯೇ ಇಲ್ಲ. ಮಗ ಆ ಮಾತು ಕೇಳಿದ ದಿನ ಮನೆಯವರು 'ಮದದ್' ಎಂಬ ವಿದೇಶಾಂಗ ಮಂತ್ರಾಲಯದ ದೂರು ತಾಣದಲ್ಲಿ ಅರ್ಜಿ ಹಾಕಬೇಕು, ರಾಯಭಾರ ಕಚೇರಿಗೂ ಸ್ಥಳೀಯ ಸಂಸದರಿಗೂ ತಿಳಿಸಬೇಕು ಎಂಬುದು ಒಪ್ಪಂದ. ಈವರೆಗೆ ಆ ಮಾತಿನ ಅಗತ್ಯ ಬಿದ್ದಿಲ್ಲ.

ಪದವಿ ಮುಗಿಸಿದ ಮಕ್ಕಳಿಂದ ಈಗೀಗ ಬೇರೊಂದು ಪ್ರಶ್ನೆ ಬರುತ್ತಿದೆ. ಒಂದೆರಡು ವರ್ಷ ಪರದೇಶದಲ್ಲಿದ್ದು, ಸುತ್ತಾಡುತ್ತ, ದುಡಿಯುತ್ತ, ಮರಳಿ ಬರಬಹುದಾದ ವೀಸಾ ಇದೆಯಂತೆ, ನಿಜವೇ? ನಿಜ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ 'ದುಡಿಮೆ ಮತ್ತು ರಜೆ' ವೀಸಾ (ಅದರ ಸಂಖ್ಯೆ 462) ಕೊಡುತ್ತಿದೆ. ವರ್ಷಕ್ಕೆ 1,000 ಮಂದಿಗೆ. 18 ತುಂಬಿ 30 ದಾಟದವರು, ಹನ್ನೆರಡನೆಯ ಇಯತ್ತೆಯ ನಂತರ ಕನಿಷ್ಠ ಎರಡು ವರ್ಷ ಓದಿದವರು, ಖರ್ಚಿಗೆ 5,000 ಆಸ್ಟ್ರೇಲಿಯನ್ ಡಾಲರ್ ತೋರಿಸಬಲ್ಲವರು ಅರ್ಹರು. ಇಂಗ್ಲಿಷ್ ಪರೀಕ್ಷೆಯಲ್ಲಿ ಬಹಳ ಎತ್ತರದ ಅಂಕ ಬೇಕಿಲ್ಲ. ಐಇಎಲ್‌ಟಿಎಸ್ ಆದರೆ ಸರಾಸರಿ 4.5. ಕನ್ನಡ ಮಾಧ್ಯಮದ ಹುಡುಗಿಯೊಬ್ಬಳು ಆರು ತಿಂಗಳ ಅಭ್ಯಾಸದಿಂದ ಅದನ್ನು ದಾಟಬಲ್ಲಳೆಂದು ನನ್ನ ನಂಬಿಕೆ. 12 ತಿಂಗಳು ಇರಬಹುದು, ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಆದರೆ ಆಯ್ಕೆ ಚೀಟಿ ಎತ್ತುವ ಮೂಲಕ. ಮೊದಲ ವರ್ಷ ಎರಡೇ ವಾರಗಳಲ್ಲಿ ಸುಮಾರು 40,000 ಮಂದಿ ಹೆಸರು ಕೊಟ್ಟಿದ್ದರು. ಹೆಸರು ಕೊಡಲು ಶುಲ್ಕ 25 ಆಸ್ಟ್ರೇಲಿಯನ್ ಡಾಲರ್. ವೀಸಾದ ಶುಲ್ಕ, ಹೆಸರು ಬಂದ ಮೇಲೆ, ಬೇರೆ.

ಬ್ರಿಟನ್ನಿನ ಯುವ ವೃತ್ತಿಪರರ ಯೋಜನೆ 2023ರಿಂದ ಇದೆ. ವರ್ಷಕ್ಕೆ 3,000 ಭಾರತೀಯರಿಗೆ, ಎರಡು ವರ್ಷಗಳ ಅವಧಿ. ವಯಸ್ಸು 18ರಿಂದ 30, ಪದವಿ ಬೇಕು, 2,530 ಪೌಂಡು ಉಳಿತಾಯ 28 ದಿನ ಖಾತೆಯಲ್ಲಿರಬೇಕು. ಇದೂ ಚೀಟಿ ಎತ್ತುವುದೇ, ಹೆಸರು ಕೊಡುವುದಕ್ಕೆ ಶುಲ್ಕವೇ ಇಲ್ಲ. ಆಯ್ಕೆಯಾದ ಮೇಲೆ ಅರ್ಜಿ ಶುಲ್ಕವಲ್ಲದೆ ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡು ಕಟ್ಟಬೇಕು. ಎಲ್ಲ ಕೂಡಿಸಿದರೆ ನಮ್ಮ ರೈತ ಕುಟುಂಬಕ್ಕೆ ಅದು ಸಣ್ಣ ಮೊತ್ತವಲ್ಲ. ಅಲ್ಲಿ ಕೆಲಸ ಸಿಗುವುದೆಂಬ ಖಾತ್ರಿಯನ್ನು ಆ ಸರ್ಕಾರಗಳೇ ಕೊಡುವುದಿಲ್ಲ. ಹೀಗಿರುವಾಗ ಪುಣೆಯಲ್ಲೋ ಹೈದರಾಬಾದಿನಲ್ಲೋ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತವನೊಬ್ಬ "ಎರಡು ಲಕ್ಷ ಕೊಡಿ, ಚೀಟಿಯಲ್ಲಿ ನಿಮ್ಮ ಹೆಸರು ಬರುವಂತೆ ಮಾಡುತ್ತೇನೆ" ಎಂದರೆ ಅವನು ಮಾರುತ್ತಿರುವುದು ಗಾಳಿಯನ್ನು.

ಇನ್ನೊಂದು ತೊಡಕು ಗಡಿಭಾಗದ ನಮಗಷ್ಟೇ ಮೀಸಲು: ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ ವೀರಭದ್ರಪ್ಪ. ತಹಸೀಲು ಕಚೇರಿಯ ಮರಾಠಿ ಕಾಗದದಲ್ಲಿ ವಿರಭದ್ರ. ಆಧಾರಿನ ಇಂಗ್ಲಿಷಿನಲ್ಲಿ ಒಬ್ಬ 'ಐ' ಬರೆದರೆ ಹತ್ತನೆಯ ಗುಣಪತ್ರಿಕೆಯಲ್ಲಿ ಇನ್ನೊಬ್ಬ ಎರಡು 'ಇ' ಬರೆದಿರುತ್ತಾನೆ. ಮಹಾರಾಷ್ಟ್ರದ ಪದ್ಧತಿಯಂತೆ ಅಡ್ಡಹೆಸರು ಮೊದಲು, ಕರ್ನಾಟಕದ ನೆಂಟರಲ್ಲಿ ಇನಿಶಿಯಲ್ ಮಾತ್ರ. ನಮ್ಮೂರಿನಲ್ಲಿ ಇದನ್ನು ಯಾರೂ ಲೆಕ್ಕಿಸುವುದಿಲ್ಲ; ವೀಸಾ ಅಧಿಕಾರಿಯ ಕಣ್ಣಿಗೆ ಮಾತ್ರ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರಿದ್ದರೆ 2022ರ ನವೆಂಬರಿನಲ್ಲಿ ಯುಎಇ ಅಂಥವರಿಗೆ ಸಂದರ್ಶಕ ವೀಸಾದ ಮೇಲಿನ ಪ್ರವೇಶಕ್ಕೆ ನಿರ್ಬಂಧ ಹಾಕಿತು. ಆದ್ದರಿಂದ ಲಾತೂರ ಅಥವಾ ಸೊಲ್ಲಾಪುರದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಮೊದಲು, 1,500 ರೂಪಾಯಿ ಶುಲ್ಕ ಕಟ್ಟುವ ಮೊದಲು, ಹತ್ತನೆಯ ಗುಣಪತ್ರಿಕೆಯನ್ನು ಆಧಾರವಾಗಿಟ್ಟುಕೊಂಡು ಉಳಿದ ಕಾಗದಗಳನ್ನು ಅದಕ್ಕೆ ಹೊಂದಿಸಬೇಕು. ಆಧಾರಿನ ತಿದ್ದುಪಡಿ ಸುಲಭ. ಶಾಲೆಯ ದಾಖಲೆಯ ತಿದ್ದುಪಡಿ ಮಗು ಶಾಲೆಯಲ್ಲಿರುವಾಗಲೇ ಸುಲಭ, ಬಿಟ್ಟ ಮೇಲೆ ಕಷ್ಟ. ಇಂದು ಎಂಟನೆಯ ಇಯತ್ತೆಯಲ್ಲಿರುವ ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಪಾಲಕರು ಈ ವಾರವೇ ಮುಖ್ಯಾಧ್ಯಾಪಕರ ಬಳಿ ಹೋಗಿ ನೋಡಿ ಬರಲಿ. ಹತ್ತನೆಯ ಪರೀಕ್ಷೆಯ ಅರ್ಜಿ ತುಂಬಿದ ಮೇಲೆ ಓಡಾಟ ಲಾತೂರಿನವರೆಗೆ ಬೆಳೆಯುತ್ತದೆ.

ಹೊರಡುವವನ ಚೀಲದ ವಿಷಯ ಹೇಳಿದರೆ ತಾಯಂದಿರು ನನ್ನ ಮೇಲೆ ಮುನಿಯಬಹುದು, ಆದರೂ ಹೇಳಬೇಕು. ಉಂಡಿಯಲ್ಲಾಗಲಿ ಮಸಾಲೆಪುಡಿಯಲ್ಲಾಗಲಿ ಗಸಗಸೆ ಇರಬಾರದು. ಯುಎಇ, ಸೌದಿ, ಕತಾರ್‌ಗಳಲ್ಲಿ ಅದು ಮಾದಕ ವಸ್ತು. ನೋವಿನ ಮಾತ್ರೆ, ಕೆಮ್ಮಿನ ಔಷಧಿಗಳಿದ್ದರೆ ವೈದ್ಯರ ಚೀಟಿ ಬೇಕು, ಅದರಲ್ಲಿ ಕೆಲವಕ್ಕೆ ಮೊದಲೇ ಅನುಮತಿ ಬೇಕು. "ನಮ್ಮ ಹುಡುಗನಿಗೆ ಕೊಟ್ಟುಬಿಡಪ್ಪ" ಎಂದು ಓಣಿಯವರು ಕೊಡುವ ಕಟ್ಟಿದ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬಾರದು. ಮುಂಬಯಿಯ ದಂಪತಿಗಳು 2019ರಲ್ಲಿ ಬಂಧುವೊಬ್ಬರು ಕೊಟ್ಟ ಪೊಟ್ಟಣವನ್ನು ಒಯ್ದು ಕತಾರಿನ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು; ಅದರಲ್ಲಿದ್ದುದು ಚರಸ್. ನಿರಪರಾಧಿಗಳೆಂದು ಸಾಬೀತಾಗಿ ಮರಳಲು 2021ರ ಏಪ್ರಿಲ್ ಬರಬೇಕಾಯಿತು. ಅವರ ಮಗು ಅಲ್ಲಿನ ಸೆರೆಮನೆಯಲ್ಲಿ ಹುಟ್ಟಿತು.

ಹೊಲದ ಕಾಗದಗಳ ಬಗ್ಗೆಯೂ ಒಂದು ಮಾತು. ಸಾತಬಾರಾದಲ್ಲಿ ಮಗನ ಹೆಸರಿದ್ದರೆ ಅವನು ಹೊರಡುವ ಮೊದಲು ತಂದೆಗೋ ಅಣ್ಣನಿಗೋ ಸೀಮಿತ ಅಧಿಕಾರ ಪತ್ರ ಬರೆದುಕೊಟ್ಟು ಹೋಗಲಿ: ಬೆಳೆಸಾಲ, ಬೆಳೆವಿಮೆ, ನ್ಯಾಯಾಲಯದ ಕೆಲಸಕ್ಕೆ ಮಾತ್ರ, ಮಾರಾಟಕ್ಕೆ ಬೇಡ. ಅಲ್ಲಿಂದ ಮಾಡಿಸುವುದಾದರೆ ರಾಯಭಾರ ಕಚೇರಿಗೆ ರಜೆ ಹಾಕಿ ಹೋಗಬೇಕು, ರಜೆ ಸಿಗುವುದಿಲ್ಲ.

ಈಗ ಕಾಕಾನ ಕಥೆಗೆ ಬರುತ್ತೇನೆ. ಟಿಕೇಟು ಬರುವ ಮೊದಲೇ ಅವರು ಬಂದದ್ದು ಪುಣ್ಯ. ದಲ್ಲಾಳಿ ಗಡಿಯಾಚೆ ಬೀದರ ಜಿಲ್ಲೆಯವನು. "ಅದು ಕರ್ನಾಟಕದ ಮ್ಯಾಟರ್, ಅಲ್ಲಿಗೇ ಹೋಗಿ" ಎಂಬ ಮಾತನ್ನು ಅವರು ಮೊದಲೇ ಒಂದು ಕಡೆ ಕೇಳಿ ಬಂದಿದ್ದರು. ಈ ಮಾತು ಕೇಳಿ ಮನೆಗೆ ಮರಳುವ ಗಡಿಭಾಗದವರು ಬಹಳ. ಹಾಗೆ ಮರಳಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಾಗಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ ಅಪರಾಧ ಎಲ್ಲಿಯೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ದೂರು ಕೊಡಬಹುದು. ಅವರು ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಕಳುಹಿಸಬೇಕು. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮು, ಏಳು ವರ್ಷಗಳವರೆಗೆ ಶಿಕ್ಷೆ. ವಲಸೆ ಕಾಯ್ದೆಯ 24ನೆಯ ಕಲಮಿನಂತೆ ನೋಂದಣಿ ಇಲ್ಲದ ಭರ್ತಿಗೆ ಎರಡು ವರ್ಷಗಳವರೆಗೆ. ಈ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೇಂದ್ರ ಸರ್ಕಾರದ ಮಂಜೂರಾತಿ ಬೇಕೆಂದು ಹಲವರು ಹೆದರಿಸುತ್ತಾರೆ. 27ನೆಯ ಕಲಮನ್ನು ಕೊನೆಯವರೆಗೆ ಓದಿದರೆ ಗೊತ್ತಾಗುತ್ತದೆ: ಹೊರಡಲಿದ್ದವನೇ ದೂರು ಕೊಟ್ಟರೆ, ಅಥವಾ ಅವನ ಪರವಾಗಿ ತಂದೆ, ತಾಯಿ, ಹೆಂಡತಿ, ಒಡಹುಟ್ಟಿದವರು ಕೊಟ್ಟರೆ, ಮಂಜೂರಾತಿ ಬೇಕಿಲ್ಲ.

ರಸೀದಿ ಇಲ್ಲದ ಎಪ್ಪತ್ತು ಸಾವಿರಕ್ಕೆ ಸಾಕ್ಷಿ ಏನು? ಮಗನ ಮೊಬೈಲಿನಲ್ಲಿ ದಲ್ಲಾಳಿಯ ಧ್ವನಿಸಂದೇಶವಿತ್ತು: "ಎಪ್ಪತ್ತು ಬಂದ್ವು, ಇನ್ನ ಎಪ್ಪತ್ತು ಟಿಕೇಟ್ ದಿನ." ಆ ಮೊಬೈಲನ್ನು ಮಾರಬೇಡ, ಅಳಿಸಬೇಡ, ರಿಪೇರಿಗೂ ಕೊಡಬೇಡ ಎಂದು ಹೇಳಿದೆ. ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದೊಡನೆ ಅದು ನ್ಯಾಯಾಲಯದಲ್ಲಿ ನಿಲ್ಲುತ್ತದೆ. ನನ್ನ ನೋಟೀಸು ತಲುಪಿದ ಹತ್ತು ದಿನಗಳಲ್ಲಿ 45,000 ರೂಪಾಯಿ ಕಾಕಾನ ಬ್ಯಾಂಕ್ ಖಾತೆಗೆ ಬಂತು. ಮೊದಲು ಅವರು ಬಿಡಿಸಿಕೊಂಡದ್ದು ಒಂದು ಬಳೆಯನ್ನು. ಉಳಿದ 25,000ಕ್ಕಾಗಿ ದೂರು ನಿಂತಿದೆ.

ಮಗ ಪರದೇಶದ ಆಸೆಯನ್ನು ಬಿಟ್ಟಿಲ್ಲ, ಬಿಡು ಎಂದು ನಾನೂ ಹೇಳಲಿಲ್ಲ. ಇ-ಮೈಗ್ರೇಟ್‌ನಲ್ಲಿ ಹೆಸರಿರುವ ಮುಂಬಯಿಯ ಏಜೆಂಟನೊಬ್ಬನ ಕಡೆಯಿಂದ ಕತಾರಿನ ಕೆಲಸವೊಂದರ ಕರಾರು ಬಂದಿದೆ. ಬರುವ ರವಿವಾರ ತಂದೆ ಮಗ ಇಬ್ಬರೂ ಅದನ್ನು ಹಿಡಿದು ಬರುತ್ತಾರೆ; ಈ ಸಲ ತಾಯಿಯನ್ನೂ ಕರೆದುಕೊಂಡು ಬನ್ನಿರೆಂದು ಹೇಳಿದ್ದೇನೆ.